ಮೆಷಿನ್ ಚಾಲೂ ಮಾಡುವ ಮೊದಲು ಮೇಲೆ ನೋಡಿ

ಮರ ಕಡಿಯುವುದು, ನಾಟಾ (ಮಾರುವ ಮರ) ಅಳೆಯುವುದು, ದಿಮ್ಮಿ ಎಳೆಯುವುದು, ಲಾರಿಗೆ ಏರಿಸುವುದು, ಈ ಕೆಲಸಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಮಲೆನಾಡಿನಿಂದ, ಕೊಡಗಿನಿಂದ ತುಂಬಾ ಬಂದಿವೆ. ಎಲ್ಲದಕ್ಕೂ ಜಾಗ ಇಲ್ಲ. ಜೀವಕ್ಕೆ ಸಂಬಂಧಪಟ್ಟವನ್ನು ಮೊದಲು ತೆಗೆದುಕೊಂಡಿದ್ದೇನೆ.

ಅಣ್ಣಾ, ಎರಡು ತಿಂಗಳ ಹಿಂದೆ ಹೊಸ ಕಟಿಂಗ್ ಮೆಷಿನ್ (ಚೈನ್ ಗರಗಸ) ತಗೊಂಡೆ. ಹೋದ ವಾರ ರಸ್ತೆ ಕಡೆ ವಾಲಿದ್ದ ಅಕೇಶಿಯಾ ಕೊಯ್ಯುತ್ತಿದ್ದೆ. ಹಿಂದಿನಿಂದ ಅರ್ಧ ಕೊಯ್ಯುವಷ್ಟರಲ್ಲೇ ಮರ ಬುಡದಿಂದ ಮೇಲಕ್ಕೆ ಸೀಳಿ, ಹಿಂದಿನ ಸೀಳು ನನ್ನ ಮುಖದ ಮುಂದೆಯೇ ಎದ್ದು ಹೋಯಿತು. ಸ್ವಲ್ಪ ಪಕ್ಕಕ್ಕೆ ನಿಂತಿದ್ದಕ್ಕೆ ಬದುಕಿದೆ. ನಾನು ಮಾಡಿದ ತಪ್ಪೇನು?
(ಸಾಗರ ಕಡೆಯ ಓದುಗರು)

ತಮ್ಮಾ, ನೀವು ಬರೆದದ್ದು ಓದಿ ಮೈ ಜುಮ್ ಎಂದಿತು. ಇಂಥದ್ದನ್ನು ನಾನೂ ಒಂದು ಸಲ ಹತ್ತಿರದಿಂದ ನೋಡಿದ್ದೇನೆ. ಸದ್ದು ಪಟಾಕಿ ಹೊಡೆದ ಹಾಗೆ ಬರುತ್ತದೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಓಡಲು ಸಮಯ ಸಿಗುವುದಿಲ್ಲ.

ಆಗುವುದು ಇಷ್ಟು. ವಾಲಿದ ಮರದ ಬೆನ್ನಿನ ಕಡೆಯ ನಾರು ಬಿಗಿದ ಹಗ್ಗದ ಹಾಗೆ ಎಳೆದುಕೊಂಡಿರುತ್ತದೆ. ಹೊಟ್ಟೆಯ ಕಡೆ ಅದುಮಿಕೊಂಡಿರುತ್ತದೆ. ನೀವು ಬೆನ್ನಿನಿಂದ ಕೊಯ್ಯುತ್ತಾ ಹೋದಿರಿ. ಮರಕ್ಕೆ ಬೀಳುವ ಅವಸರ, ಆದರೆ ಇನ್ನೂ ಕೊಯ್ಯದೆ ಉಳಿದ ಭಾಗ ಬಗ್ಗಲಾರದಷ್ಟು ದಪ್ಪ. ಬಗ್ಗಲು ಆಗದಿದ್ದಾಗ ಮರ ನಾರಿನ ಗುಂಟ ಸೀಳುತ್ತದೆ. ನಾರು ನೆಟ್ಟಗಿರುವ ಮರಗಳು ಬೇಗ ಸೀಳುತ್ತವೆ. ಅದರ ಮೇಲೆ ನಿಮ್ಮ ಪತ್ರದಲ್ಲಿ ಮುಂದಿನ ಕಚ್ಚಿನ (ಮರ ಬೀಳುವ ಕಡೆ ಬೆಣೆಯ ಆಕಾರದಲ್ಲಿ ಕೊಯ್ದು ತೆಗೆಯುವ ತುಂಡಿನ) ಮಾತೇ ಇಲ್ಲ. ಕಚ್ಚು ಹಾಕದೆಯೇ ಹಿಂದಿನಿಂದ ಶುರು ಮಾಡಿದ್ದೀರಿ ಎಂದು ನನ್ನ ಅನಿಸಿಕೆ.

ಮೊದಲು ನೆಟ್ಟಗಿರುವ ಮರದಲ್ಲಿ ಕೈ ಕುದುರಿಸಿಕೊಳ್ಳಿ. ಮರ ಬೀಳಬೇಕಾದ ಕಡೆಗೆ ಮುಂದಿನ ಕಚ್ಚು ಹಾಕಬೇಕು. 16 ಇಂಚು ದಪ್ಪದ ಮರ ಎಂದುಕೊಳ್ಳಿ, ಕಚ್ಚು 4 ಇಂಚು ಆಳ ಸಾಕು, ಅಂದರೆ ಕಾಲು ಭಾಗ. ಕಚ್ಚಿನ ಬಾಯಿ ಕಡಿಮೆ ಎಂದರೂ 45 ಡಿಗ್ರಿ ತೆರೆದಿರಲಿ. ಮೇಲಿನ ಕೊಯ್ತ, ಕೆಳಗಿನ ಕೊಯ್ತ ಒಂದೇ ಗೆರೆಯಲ್ಲಿ ಬಂದು ಸೇರಬೇಕು, ಒಂದನ್ನೊಂದು ದಾಟಿ ಹೋಗಬಾರದು. ಆಮೇಲೆ ಹಿಂದಿನಿಂದ, ಕಚ್ಚಿನ ತಳಕ್ಕಿಂತ ಒಂದೆರಡು ಇಂಚು ಮೇಲೆ ಕೊಯ್ಯುತ್ತಾ ಬನ್ನಿ. ಕಚ್ಚು ಮುಟ್ಟುವ ತನಕ ಕೊಯ್ಯಬೇಡಿ. ಮಧ್ಯದಲ್ಲಿ ಒಂದೂವರೆ ಇಂಚಿನಷ್ಟು ಪಟ್ಟಿ ಉಳಿಯಬೇಕು, ಮರದ ದಪ್ಪದ ಹತ್ತರಲ್ಲಿ ಒಂದು ಭಾಗ. ಈ ಪಟ್ಟಿಯೇ ಮರವನ್ನು ಬಾಗಿಲ ಕೀಲಿನ ಹಾಗೆ ಹಿಡಿದುಕೊಂಡು, ನಾವು ಹೇಳಿದ ಕಡೆಗೆ ಮಲಗಿಸುತ್ತದೆ. ಒಂದು ಕಡೆ ಪೂರ್ತಿ ಕೊಯ್ದುಬಿಟ್ಟರೆ ಮರ ತಿರುಗುತ್ತದೆ. ಮರ ಬಿದ್ದ ಮೇಲೆ ಬೊಡ್ಡೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹರಿದ ನಾರಿನ ಪಟ್ಟಿ ಈ ಕಡೆಯಿಂದ ಆ ಕಡೆ ತನಕ ಒಂದೇ ಅಗಲ ಇದ್ದರೆ ಕೆಲಸ ಸರಿಯಾಗಿದೆ ಎಂದರ್ಥ.

ಮರ ಹಿಂದಕ್ಕೆ ಕೂತು ಬಾರ್ (ಚೈನ್ ಓಡುವ ಉದ್ದ ಪಟ್ಟಿ) ಕಚ್ಚಿಕೊಳ್ಳುವ ಹಾಗಿದ್ದರೆ ಕೊಯ್ತದ ಹಿಂದೆ ಬೆಣೆ ಹೊಡೆಯಿರಿ. ಪ್ಲಾಸ್ಟಿಕ್ ಅಥವಾ ಮರದ ಬೆಣೆ ಆಗಬೇಕು. ಕಬ್ಬಿಣದ್ದು ಬೇಡ, ಚೈನ್ ತಾಗಿದರೆ ಚೂರು ಕಣ್ಣಿಗೆ ಹಾರುತ್ತದೆ.

ಮುಂದಕ್ಕೆ ಜೋರಾಗಿ ವಾಲಿದ ಮರದ ಲೆಕ್ಕ ಬೇರೆ. ಅಲ್ಲಿ ಕಚ್ಚು ಹಾಕಿದ ಮೇಲೆ, ಬಾರನ್ನು ಪಕ್ಕದಿಂದ ಮರದೊಳಕ್ಕೆ ತೂರಿಸಿ, ಕೀಲು ಪಟ್ಟಿಯ ಅಳತೆ ಒಳಗಿನಿಂದಲೇ ಸರಿ ಮಾಡಿಕೊಂಡು, ಹಿಂದಕ್ಕೆ ಕೊಯ್ಯುತ್ತಾ ಬರುತ್ತಾರೆ. ಬೆನ್ನಿನಲ್ಲಿ ಒಂದಿಷ್ಟು ಮರ ಬಿಟ್ಟಿರುತ್ತಾರೆ. ಮರ ಅದರ ಮೇಲೆಯೇ ನಿಂತಿರುತ್ತದೆ. ಕೊನೆಗೆ ಪಕ್ಕದಲ್ಲಿ ನಿಂತು ಅದನ್ನು ಹೊರಗಿನಿಂದ ಕೊಯ್ದರೆ ಮರ ಒಂದೇ ಸಲಕ್ಕೆ ಹೋಗುತ್ತದೆ, ಸೀಳಲು ಅವಕಾಶ ಇರುವುದಿಲ್ಲ. ಆದರೆ ಬಾರ್ ತೂರಿಸುವಾಗ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮೆಷಿನ್ ನಿಮ್ಮ ಮುಖಕ್ಕೇ ಒದೆಯುತ್ತದೆ. ಚೈನ್ ಒಂದು ಸೆಕೆಂಡಿಗೆ 20 ಮೀಟರಿಗೂ ಜಾಸ್ತಿ ಓಡುತ್ತಿರುತ್ತದೆ. ತುದಿಯ ಕೆಳಭಾಗದಿಂದ ಶುರು ಮಾಡಿ, ಆಮೇಲೆ ಒಳಕ್ಕೆ ತಿರುಗಿಸಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಗೊತ್ತಿದ್ದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಿದ್ದ ದಿಮ್ಮಿಯ ಮೇಲೆ ಹತ್ತಿಪ್ಪತ್ತು ಸಲ ಮಾಡಿ. ಅಲ್ಲಿಯವರೆಗೆ ವಾಲಿದ ಮರ ಬೇರೆಯವರಿಗೆ ಬಿಡಿ. ಸಂಕೋಚ ಪಡುವ ವಿಷಯ ಅಲ್ಲ ಇದು.

ಇನ್ನೊಂದು ಮಾತು. ಕೊಯ್ಯುವ ಮೊದಲು ಮರದ ಸುತ್ತ ಒಂದು ಸುತ್ತು ಬಂದು ಮೇಲೆ ನೋಡಿ. ಒಣ ಕೊಂಬೆ ನೇತಾಡುತ್ತಿದೆಯಾ? ಬಳ್ಳಿ ಪಕ್ಕದ ಮರಕ್ಕೆ ಹಬ್ಬಿ ಕಟ್ಟಿ ಹಾಕಿದೆಯಾ? ಹೆಜ್ಜೇನು ಇದೆಯಾ? ಮೆಷಿನ್ ಸದ್ದಿಗೆ, ಮರದ ಅದುರಿಗೆ ಹೆಜ್ಜೇನು ಎದ್ದರೆ ಕೈಯಲ್ಲಿರುವ ಮೆಷಿನ್ ಎಲ್ಲಿ ಬೀಳುತ್ತದೆ ಎಂದೂ ಗೊತ್ತಾಗುವುದಿಲ್ಲ. ಬುಡದ ಹಿಂದೆ ಎಡಕ್ಕೊಂದು, ಬಲಕ್ಕೊಂದು ಓರೆ ದಾರಿ ಕತ್ತಿಯಲ್ಲಿ ಸವರಿಟ್ಟುಕೊಳ್ಳಿ. ನೇರ ಹಿಂದಕ್ಕೆ ಓಡಬಾರದು, ಬುಡ ಹಿಂದಕ್ಕೆ ಜಾರಿ ಬರುತ್ತದೆ. ಮರ ಅಲುಗಿದ ಕೂಡಲೇ ಆ ದಾರಿಯಲ್ಲಿ ಹದಿನೈದಿಪ್ಪತ್ತು ಅಡಿ ಹೋಗಿ. ಬುಡದ ಹತ್ತಿರ ನಿಂತು ಬೀಳುವುದನ್ನು ನೋಡುವ ಆಸೆ ತುಂಬಾ ಜನರಿಗೆ ಇರುತ್ತದೆ. ದಯವಿಟ್ಟು ಬೇಡ.

ನಮ್ಮ ತೋಟದಲ್ಲಿ 40 ಸಿಲ್ವರ್ ಓಕ್ ತೆಗೆಸಬೇಕು. ಒಬ್ಬರು ಎಲ್ಲ ಸೇರಿಸಿ ಗುತ್ತಿಗೆಗೆ ಕೇಳುತ್ತಿದ್ದಾರೆ, ಮೂರು ದಿನದಲ್ಲಿ ಮುಗಿಸುತ್ತಾರಂತೆ. ಪರವಾನಗಿ ಬೇಕಾ? ಕೊಡಬಹುದಾ?
(ಮೂಡಿಗೆರೆ)

1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಖಾಸಗಿ ಜಾಗದ ಮರ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಆದರೆ ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರ, ತೆಂಗು, ರಬ್ಬರ್ ಇಂಥ ಕೆಲವಕ್ಕೆ ಅದರಿಂದ ವಿನಾಯಿತಿ ಇದೆ. ಹಾಗಾಗಿ ಸಿಲ್ವರ್ ಓಕ್ ಕಡಿಯಬಹುದು. ಅದರ ಜೊತೆಗೆ ಹೊನ್ನೆಯೋ ಮತ್ತಿಯೋ ನಂದಿಯೋ ಒಂದು ಇರಲಿ ಎಂದು ಸೇರಿಸಿದರೆ ಕೇಸಾಗುತ್ತದೆ. ಬೀಟೆ, ಗಂಧದ ವಿಷಯಕ್ಕಂತೂ ಹೋಗಲೇಬೇಡಿ, ಅವುಗಳ ಕಾನೂನೇ ಬೇರೆ. ಕಡಿಯುವ ಅನುಮತಿ ಬೇರೆ, ಸಾಗಿಸುವ ಪಾಸು ಬೇರೆ ಎನ್ನುವುದೂ ನೆನಪಿರಲಿ. ಲಾರಿ ಕರೆಸುವ ಮೊದಲು ನಿಮ್ಮ ರೇಂಜ್ ಆಫೀಸಿನಲ್ಲಿ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ದು ಮುಗಿಯಲಿ, ಆಮೇಲೆ ಕಡಿಸಿ. 40 ಮರ ಒಂದೇ ಕಡೆಯಿಂದ ತೆಗೆದರೆ ಕೆಳಗಿನ ಕಾಫಿ ಗಿಡ ಬಿಸಿಲಿಗೆ ಸುಟ್ಟು ಹೋಗುತ್ತದೆ, ಅಲ್ಲಲ್ಲಿ ಬಿಡಿಸಿ ತೆಗೆಸಿ. ಟನ್ ಲೆಕ್ಕದಲ್ಲಿ ಮಾರುವುದಾದರೆ ಕಡಿದ ಒಂದೆರಡು ದಿನದಲ್ಲೇ ತೂಕ ಆಗಬೇಕು. ಹಸಿ ಮರ ದಿನ ಹೋದಂತೆ ನೀರು ಬಿಡುತ್ತದೆ, ನಷ್ಟ ನಿಮ್ಮದು.

ಗುತ್ತಿಗೆಯ ಬಗ್ಗೆ ಕೇಳಿದ್ದೀರಿ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಕೊಡಬೇಡಿ. ಮರಕ್ಕಿಷ್ಟು, ಟನ್ನಿಗಿಷ್ಟು ಎಂದು ಕೊಟ್ಟ ಕಡೆ ಕೆಲಸದವರು ಓಡುತ್ತಾರೆ. ಓಡುವವರು ಬಳ್ಳಿ ಬಿಡಿಸುವುದಿಲ್ಲ, ಹಿಂದಿನ ದಾರಿ ಸವರುವುದಿಲ್ಲ, ಮೇಲೆ ನೋಡುವುದಿಲ್ಲ. ಒಂದು ಮರ ಬೀಳುತ್ತಿರುವಾಗಲೇ ಇನ್ನೊಬ್ಬ ಪಕ್ಕದ್ದಕ್ಕೆ ಮೆಷಿನ್ ಇಟ್ಟಿರುತ್ತಾನೆ. ನನ್ನ ಜೊತೆ ತುಂಬಾ ವರ್ಷ ಕೆಲಸ ಮಾಡಿದ ಒಬ್ಬರು ಹೋಗಿದ್ದು ಹಾಗೆಯೇ. ಅವರು ಕಡಿಯುತ್ತಿದ್ದ ಮರ ಸರಿಯಾಗಿಯೇ ಬಿತ್ತು. ಬೀಳುವಾಗ ಬಳ್ಳಿ ಎಳೆದು ಪಕ್ಕದ ಮರದ ಒಣ ಕೊಂಬೆ ಮುರಿದು ಮೇಲಿನಿಂದ ಬಂತು. ಅವರ ಕೈಯಷ್ಟೂ ದಪ್ಪ ಇರಲಿಲ್ಲ ಆ ಕೊಂಬೆ. ಅವತ್ತು ಸಂಜೆಯೊಳಗೆ ಲೋಡ್ ಹೋಗಬೇಕು ಎಂದು ಅವಸರ ಮಾಡಿಸುತ್ತಿದ್ದರು. ಬಳ್ಳಿ ಕಡಿಯಲು ಐದು ನಿಮಿಷ ಸಾಕಿತ್ತು.

ದಿನಗೂಲಿಗೆ ಕೊಡಿ. ಮೂರು ದಿನದ ಕೆಲಸ ಆರು ದಿನ ಆಗಲಿ. ಒಬ್ಬರು ಕೊಯ್ಯುವಾಗ ಉಳಿದವರು ಆ ಮರದ ಎತ್ತರದ ಎರಡರಷ್ಟು ದೂರ ಇರಲಿ. ಖರ್ಚು ಸ್ವಲ್ಪ ಜಾಸ್ತಿ ಆಗುತ್ತದೆ, ಹೌದು.

ನನ್ನ ಯಜಮಾನರು ಮರ ಕಡಿಯುವ ಗ್ಯಾಂಗಿನಲ್ಲಿದ್ದಾರೆ. ಹವಾಯಿ ಚಪ್ಪಲಿಯಲ್ಲೇ ಹೋಗುತ್ತಾರೆ. ಕೈಯಲ್ಲಿ ದುಡ್ಡು ಕಡಿಮೆ, ಮೊದಲು ಏನು ಕೊಡಿಸಲಿ? ಏನಾದರೂ ಆದರೆ ನಮಗೆ ದಿಕ್ಕು ಯಾರು? ಮೇಸ್ತ್ರಿ ಯಾವ ಕಾಗದವನ್ನೂ ಕೊಟ್ಟಿಲ್ಲ.
(ಸೋಮವಾರಪೇಟೆ ಕಡೆಯ ಓದುಗರು)

ತಂಗಿ, ಮೊದಲು ಹೆಲ್ಮೆಟ್. ಬೈಕಿನದ್ದು ಅಲ್ಲ, ಮುಂದೆ ಜಾಲರಿ, ಕಿವಿಗೆ ಮುಚ್ಚಳ ಇರುವಂಥದ್ದು. ಎರಡನೆಯದು ಶೂ, ಮೂಳೆಗಂಟು ಮುಚ್ಚುವಂಥದ್ದು, ಮುಂದೆ ಗಟ್ಟಿ ತುದಿ ಇರಬೇಕು. ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟ ಎಂದು ಕೆಲವರು ಗಮ್‌ಬೂಟ್ ಹಾಕುತ್ತಾರೆ. ಚಪ್ಪಲಿಗಿಂತ ಪರವಾಗಿಲ್ಲ, ಆದರೆ ಚೈನ್ ತಾಗಿದರೆ ರಬ್ಬರ್ ತಡೆಯುವುದಿಲ್ಲ. ಮೂರನೆಯದು ಕಾಲಿಗೆ ಕಟ್ಟಿಕೊಳ್ಳುವ ಕವಚ. ಅದರೊಳಗೆ ಉದ್ದುದ್ದ ನೂಲು ತುಂಬಿರುತ್ತಾರೆ. ಚೈನ್ ತಾಗಿದ ಕೂಡಲೇ ನೂಲು ಹೊರಬಂದು ಹಲ್ಲಿಗೆ ಸುತ್ತಿಕೊಂಡು ಚೈನನ್ನೇ ನಿಲ್ಲಿಸುತ್ತದೆ. ಬೆಲೆ ಜಾಸ್ತಿ, ಒಬ್ಬರಿಗೆ ಭಾರ. ಗ್ಯಾಂಗಿನವರು ಸೇರಿ ಮೆಷಿನ್ ಹಿಡಿಯುವವರಿಗೆ ಒಂದು ತಂದರೂ ಆಯಿತು. ನ್ಯಾಯವಾಗಿ ಇದನ್ನೆಲ್ಲ ಕೊಡಿಸಬೇಕಾದದ್ದು ಕೆಲಸ ಮಾಡಿಸುವವರು, ನೀವಲ್ಲ.

ಕಿವಿ ಮುಚ್ಚಿಕೊಂಡವರಿಗೆ ಕೂಗಿದರೆ ಕೇಳಿಸುವುದಿಲ್ಲ. ನಿಮ್ಮ ಕಡೆ ತೋಟದೊಳಗೆ ಆನೆ ಬರುವುದು ಬೇರೆ. ಕಾವಲಿಗೆ ಒಬ್ಬರು ದೂರದಲ್ಲಿ ನಿಂತಿರಬೇಕು, ಶಿಳ್ಳೆಗಿಂತ ಕೈಸನ್ನೆ ಇಟ್ಟುಕೊಳ್ಳಲಿ.

ಪರಿಹಾರದ ವಿಷಯ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೇ ಮರ ಕಡಿಯುವ ಕೆಲಸದ ಹೆಸರು ಹೇಳಿದ್ದಾರೆ. ಈಗ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಸಾವಾದರೆ ಲೆಕ್ಕ ಹೀಗೆ: ತಿಂಗಳ ಕೂಲಿಯ ಅರ್ಧ, ಅದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. 40 ವಯಸ್ಸಿಗೆ ಆ ಅಂಕಿ 184.17. ತಿಂಗಳಿಗೆ 15,000 ರೂಪಾಯಿ ಎಂದು ಹಿಡಿದರೆ 13,81,275 ರೂಪಾಯಿ ಆಗುತ್ತದೆ. ಐವತ್ತು ಸಾವಿರ ಕೈಗಿಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬರುವವರಿದ್ದಾರೆ, ಅದಕ್ಕೇ ಈ ಲೆಕ್ಕ ಬಿಡಿಸಿ ಬರೆದೆ. ಕುಡಿದಿದ್ದ, ಹೇಳಿದ ಮಾತು ಕೇಳಲಿಲ್ಲ ಎಂದು ಹೇಳಿ ಸಾವಿನ ಪರಿಹಾರ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಕಾಗದ ಇಲ್ಲ ಎಂದಿರಿ, ಅಲ್ವಾ? ಇವತ್ತಿನಿಂದ ಒಂದು ನೋಟ್‌ಬುಕ್ ಇಡಿ. ದಿನಾಂಕ, ಯಾರ ತೋಟ, ಎಷ್ಟು ಕೂಲಿ, ಜೊತೆಗೆ ಯಾರಿದ್ದರು, ಅಷ್ಟು ಬರೆಯಿರಿ. ಕೂಲಿ ಫೋನಿಗೆ ಹಾಕಿಸಿಕೊಳ್ಳಿ, ಅದೇ ಒಂದು ದಾಖಲೆ. ನಾಳೆಯೇ ಬ್ಯಾಂಕಿಗೆ ಹೋಗಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ 2 ಲಕ್ಷ. ಇದು ಮೇಲಿನ ಪರಿಹಾರಕ್ಕೆ ಅಡ್ಡ ಬರುವುದಿಲ್ಲ.

ಹಲಸಿನ ದಿಮ್ಮಿ, ಸುತ್ತಳತೆ 4 ಅಡಿ, ಉದ್ದ 10 ಅಡಿ. ವ್ಯಾಪಾರಿ 10 ಘನ ಅಡಿ ಎನ್ನುತ್ತಾರೆ. ಇಂಜಿನಿಯರಿಂಗ್ ಓದುವ ಮಗ 12.73 ಎನ್ನುತ್ತಾನೆ. ಯಾರದು ಸರಿ?
(ತೀರ್ಥಹಳ್ಳಿ)

ಇಬ್ಬರದೂ ಸರಿ. ಮಗ ಹೇಳಿದ್ದು ದಿಮ್ಮಿಯ ನಿಜವಾದ ಗಾತ್ರ. ವ್ಯಾಪಾರಿ ಹೇಳಿದ್ದು ನಾಟಾ ವ್ಯಾಪಾರದಲ್ಲಿ ಹಿಂದಿನಿಂದ ನಡೆದುಬಂದ ಲೆಕ್ಕ: ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು. ಗುಂಡು ದಿಮ್ಮಿಯನ್ನು ಚೌಕ ಮಾಡಿದರೆ ಸಿಪ್ಪೆ, ಹೊಟ್ಟು ಹೋಗುತ್ತದೆ ಎಂದು ಹೀಗೆ ಮಾಡಿದ್ದು. ಯಾವತ್ತೂ ನಿಜವಾದ ಗಾತ್ರದ ಶೇಕಡಾ 78.5 ಬರುತ್ತದೆ. ಬೆಲೆಯೂ ಈ ಲೆಕ್ಕಕ್ಕೇ ಇರುವುದರಿಂದ ಇದರಲ್ಲಿ ಮೋಸ ಇಲ್ಲ.

ಮೋಸ ಇರುವುದು ಟೇಪ್ ಎಲ್ಲಿ ಹಿಡಿಯುತ್ತಾರೆ ಎನ್ನುವುದರಲ್ಲಿ. ಸುತ್ತಳತೆ ದಿಮ್ಮಿಯ ನಡುವಿನಲ್ಲಿ ತೆಗೆಯಬೇಕು. ನಡುವಿನಲ್ಲಿ 48 ಇಂಚು, ಸಣ್ಣ ತುದಿಯಲ್ಲಿ 44 ಇಂಚು ಇದೆ ಎಂದುಕೊಳ್ಳಿ. ತುದಿಯಲ್ಲಿ ಅಳೆದರೆ 10 ಘನ ಅಡಿ ಹೋಗಿ 8.4 ಆಗುತ್ತದೆ. ಒಂದು ದಿಮ್ಮಿಗೇ ಇಷ್ಟು. ತೊಗಟೆಗೆಂದು 2 ಇಂಚು ಕಳೆದರೆ 9.18ಕ್ಕೆ ಇಳಿಯುತ್ತದೆ. ಕಳೆಯುವುದೇ ಆದರೆ ಮಾತಾಡುವಾಗಲೇ ಹೇಳಿರಬೇಕು, ಅಳೆಯುವಾಗ ಅಲ್ಲ. ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೀವೇ ಟೇಪ್ ಹಿಡಿಯಿರಿ, ಪ್ರತಿ ದಿಮ್ಮಿಗೆ ಬಣ್ಣದಲ್ಲಿ ನಂಬರ್ ಹಾಕಿ ಬರೆದುಕೊಳ್ಳಿ.

ಟ್ರ್ಯಾಕ್ಟರಿನಲ್ಲಿ ದಿಮ್ಮಿ ಎಳೆಯುವಾಗ ಮುಂದಿನ ಚಕ್ರ ಏಳುತ್ತದೆ. ಮುಂದೆ ಇಬ್ಬರನ್ನು ಕೂರಿಸಿಕೊಂಡರೆ ಸರಿಯಾಗುತ್ತದೆ ಎನ್ನುತ್ತಾರೆ.
(ಶಿರಸಿ)

ಯಾರನ್ನೂ ಕೂರಿಸಬೇಡಿ, ಮಡ್‌ಗಾರ್ಡ್ ಮೇಲೂ ಬೇಡ. ದಿಮ್ಮಿ ಎಳೆಯುವ ಚೈನ್ ಎಲ್ಲಿ ಕಟ್ಟಿದ್ದೀರಿ ನೋಡಿ. ಹಿಂದಿನ ಅಚ್ಚಿಗಿಂತ ಕೆಳಗಿರುವ ಡ್ರಾಬಾರಿಗೇ (ಎಳೆಯಲೆಂದೇ ಇರುವ ಪಟ್ಟಿಗೇ) ಕಟ್ಟಬೇಕು. ಮೇಲಿನ ಕೊಂಡಿಗೋ ಸೀಟಿನ ಹಿಂದೆಯೋ ಕಟ್ಟಿದರೆ, ದಿಮ್ಮಿ ಒಂದು ಬೊಡ್ಡೆಗೆ ಸಿಕ್ಕಿಕೊಂಡ ಕೂಡಲೇ ಹಿಂದಿನ ಚಕ್ರ ಮುಂದೆ ಹೋಗಲಾರದೆ, ಟ್ರ್ಯಾಕ್ಟರಿನ ಮೈಯೇ ಅಚ್ಚಿನ ಸುತ್ತ ತಿರುಗಿ ಹಿಂದಕ್ಕೆ ಮಗುಚುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಡ್ರೈವರ್ ಅಡಿಯಲ್ಲಿರುತ್ತಾನೆ. ಮುಂದೆ ಕಬ್ಬಿಣದ ತೂಕ ಹಾಕಿಸಿ, ಕ್ಲಚ್ ನಿಧಾನ ಬಿಡಿ, ದಿಮ್ಮಿಯ ಮುಂದಿನ ತುದಿ ನೆಲಕ್ಕೆ ಕುಕ್ಕದ ಹಾಗೆ ಸ್ವಲ್ಪ ಎತ್ತಿರಲಿ. ತಲೆಯ ಮೇಲೆ ಉರುಳು ತಡೆಯುವ ಚೌಕಟ್ಟು ಇದ್ದರೆ ಸೀಟ್ ಬೆಲ್ಟ್ ಹಾಕಿಕೊಳ್ಳಿ. ಇಳಿಜಾರಿನಲ್ಲಿ ಅಡ್ಡಡ್ಡ ಎಳೆಯಬೇಡಿ. ಕೆಳಗೆ ಇಳಿಯುವಾಗ ದಿಮ್ಮಿಯೇ ಬಂದು ಗುದ್ದುತ್ತದೆ ಎನ್ನುವುದು ತಲೆಯಲ್ಲಿರಲಿ.

ವೈರ್ ರೋಪ್ ಬಿಗಿಯಾಗಿದ್ದಾಗ ಅದರ ಪಕ್ಕದಲ್ಲಿ ಯಾರೂ ನಿಲ್ಲಬಾರದು, ದಾಟಲೂ ಬಾರದು. ಲಾರಿಯಲ್ಲಿ ದಿಮ್ಮಿ ಹೊರಗೆ ಚಾಚಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ದಂಡವೇ 20,000 ರೂಪಾಯಿ. ಹಗ್ಗ ಬಿಚ್ಚುವವರು ದಿಮ್ಮಿ ಉರುಳುವ ಕಡೆ ನಿಲ್ಲುವುದನ್ನು ಬಿಟ್ಟರೆ ಎಷ್ಟೋ ಕಾಲು ಉಳಿಯುತ್ತವೆ.

ಕಟಿಂಗ್ ಮೆಷಿನ್ನಿಗೆ ಹಾಕುವ ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಆಯಿಲ್?
(ಕೊಪ್ಪ)

ನಿಮ್ಮ ಮೆಷಿನ್ನಿನ ಪುಸ್ತಕ ನೋಡಿ, ಅದೇ ಲೆಕ್ಕ. 1ಕ್ಕೆ 50 ಎಂದಿದ್ದರೆ 20 ಮಿಲಿ, 1ಕ್ಕೆ 25 ಎಂದಿದ್ದರೆ 40 ಮಿಲಿ. ಬೇಕಾದಷ್ಟೇ ಕಲಸಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ನೀರು ಎಳೆದುಕೊಳ್ಳುತ್ತದೆ, ಇಟ್ಟಷ್ಟೂ ಹಾಳು. ಬಿಸಿ ಮೆಷಿನ್ನಿಗೆ ಪೆಟ್ರೋಲ್ ಹಾಕಬೇಡಿ. ಹಾಕಿದ ಜಾಗದಿಂದ ಹತ್ತು ಅಡಿ ಆಚೆ ಬಂದು ಚಾಲೂ ಮಾಡಿ.

ಗಾಳಿಮಳೆಗೆ ನಮ್ಮ ಮನೆ ಹಿಂದೆ ಎರಡು ಮರ ಹೋಗಿವೆ. ಒಂದು ಬೇರು ಸಮೇತ ಬಿದ್ದು ಕರೆಂಟ್ ತಂತಿ ಹತ್ತಿರ ಇದೆ. ಇನ್ನೊಂದು ಪಕ್ಕದ ಮರಕ್ಕೆ ಒರಗಿ ನಿಂತಿದೆ. ನಾವೇ ತೆಗೆಯಬಹುದಾ? ಸೌದೆಗೆ ಬೇಕು.
(ಶೃಂಗೇರಿ)

ತಂತಿಯ ಹತ್ತಿರದ್ದನ್ನು ಮುಟ್ಟಬೇಡಿ. 1912ಕ್ಕೆ ಫೋನ್ ಮಾಡಿ, ಲೈನ್‌ಮ್ಯಾನ್ ಬಂದು ಲೈನ್ ಆಫ್ ಮಾಡಿ ತಾವೇ ನಿಂತು ಹೇಳುವ ತನಕ ಹತ್ತಿರ ಹೋಗಬೇಡಿ. ಕರೆಂಟ್ ಹೋಗಿದೆ ಎಂದರೆ ತಂತಿಯಲ್ಲಿ ಇಲ್ಲ ಎಂದಲ್ಲ, ಯಾವ ಗಳಿಗೆಯಲ್ಲೂ ಬರಬಹುದು.

ಆಮೇಲೆ ಬೇರು ಎದ್ದ ಗುಂಡಿಯ ಕಡೆ ಮಕ್ಕಳನ್ನು ಬಿಡಬೇಡಿ. ಕಾಂಡ ಕೊಯ್ದು ಭಾರ ಹೋದ ಕೂಡಲೇ ಆ ಬೇರಿನ ಮುದ್ದೆ ಮಣ್ಣು ಸಮೇತ ಎದ್ದು ಮತ್ತೆ ಗುಂಡಿಗೇ ಕೂರುತ್ತದೆ. ಕಾಂಡ ಬಿಲ್ಲಿನ ಹಾಗೆ ಬಗ್ಗಿದ್ದರೆ, ಅದುಮಿಕೊಂಡ ಕಡೆಯಿಂದ ಮೊದಲು ಮೂರರಲ್ಲಿ ಒಂದು ಭಾಗ ಕೊಯ್ದು, ಆಮೇಲೆ ಎಳೆದುಕೊಂಡ ಕಡೆಯಿಂದ ನಿಧಾನಕ್ಕೆ ಬಿಡಿಸಬೇಕು. ಕಾಂಡ ಚಿಮ್ಮುವ ಕಡೆ ನಿಲ್ಲಬೇಡಿ. ಮೊದಲನೇ ಸಲವಾದರೆ ಕೆಲಸ ಗೊತ್ತಿದ್ದವರನ್ನು ಕರೆಯಿರಿ.

ಒರಗಿದ ಮರವೇ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು. ಅದನ್ನು ಹಿಡಿದು ನಿಂತಿರುವ ಮರವನ್ನು ಕಡಿಯಬೇಡಿ. ಮೇಲೆ ಹತ್ತಿ ಕೊಂಬೆ ಬಿಡಿಸಬೇಡಿ. ಇನ್ನೊಂದು ಮರ ಅದರ ಮೇಲೆ ಬೀಳಿಸಿ ತಳ್ಳುತ್ತೇವೆ ಎನ್ನುವವರನ್ನು ವಾಪಸ್ ಕಳಿಸಿ. ಅದರ ಬುಡಕ್ಕೆ ಉದ್ದದ ವೈರ್ ರೋಪ್ ಕಟ್ಟಿ, ದೂರದಿಂದ ಟ್ರ್ಯಾಕ್ಟರಿನಲ್ಲಿ ಹಿಂದಕ್ಕೆ ಎಳೆಸಿದರೆ ಮೆಲ್ಲಗೆ ಜಾರಿ ಕೆಳಗೆ ಬರುತ್ತದೆ. ಟ್ರ್ಯಾಕ್ಟರ್ ಸಿಗುವ ತನಕ ಎರಡೂ ಕಡೆ ಹಗ್ಗ ಕಟ್ಟಿ ಕೆಂಪು ಬಟ್ಟೆ ಹಾಕಿ. ಕೊಟ್ಟಿಗೆಗೆ ಹೋಗುವ ದಾರಿ ಅದರ ಅಡಿಯಲ್ಲೇ ಇದ್ದರೆ, ದನಗಳನ್ನು ಇವತ್ತು ಸಂಜೆಯಿಂದಲೇ ಬೇರೆ ದಾರಿಯಲ್ಲಿ ಹೊಡೆದುಕೊಂಡು ಬನ್ನಿ.